ಅಕ್ಕನ ಎಡಮಗ್ಗಲಿನ ಜಾಗ

ನಾ ಈಗ ಮಕ್ತಲ್‌ದಾಗ ಕನ್ನಡ ಶಾಲಿ ಟೀಚರ್. ಮುಂಜಾನೆ ನಾರಾಯಣಪೇಟದಿಂದ ಬಸ್ಸಿಗೆ ಹೋಗ್ತೀನಿ, ಸಂಜಿಕ ಬರ್ತೀನಿ. ಬಸ್ಸಿನ್ಯಾಗ ಗುರ್ತಿನವ್ರು ಸಿಕ್ರ ಸಾಕು, ಅದ ಹಾಡು ಹಾಡ್ತಾರ: "ಏನವ್ವ ನೀನು! ಮಗ್ಗದ ಮ್ಯಾಲಿಂದ ಎದ್ದು ಹೋಗಿ ಸರ್ಕಾರಿ ನೌಕರಿ ಹಿಡದಿ. ಎಷ್ಟು ಉಪವಾಸ ವನವಾಸ ಬಿದ್ದಿಯೋ ಆ ಶಿವಗ ಗೊತ್ತು." ನಂಗ ಮೈಯೆಲ್ಲ ಉರಿತೈತಿ. ಉಪವಾಸನೂ ಇಲ್ಲ, ವನವಾಸನೂ ಇಲ್ಲ. ಆ ಬ್ಯಾಸಗಿಯಾಗ ನಾ ಓದಿದ್ದು ಖರೆ. ಅದರ ಜೋಡಿ ಐತವಾರ ಬಂತಂದ್ರ ಊರೂರು ತಿರಗಿದ್ದೂ ಖರೆ. ನನ್ನ ಜನ್ಮದಾಗ ಅಂಥಾ ಸುಖದ ಬ್ಯಾಸಗಿ ಇನ್ನೊಂದು ಬಂದಿಲ್ಲ. ನೆನಸಿದ್ರ ಮದಲು ನಗು ಬರ್ತೈತಿ, ಅದರ ಬೆನ್ನಿಗೇ ನಾಚಿಕಿ ಬರ್ತೈತಿ. ಸುಖಪಟ್ಟಿದ್ದಕ್ಕ ಯಾರಾರ ನಾಚ್ಕೋತಾರೇನು ಅಂತ ಈಗ ಕೇಳಬ್ಯಾಡ್ರಿ, ಪೂರ್ತಿ ಕೇಳಿ ಆಮ್ಯಾಲ ಹೇಳ್ರಿ.

ನಮ್ಮನಿ ನಾರಾಯಣಪೇಟದ ನೇಕಾರ ಓಣಿಯಾಗ. ಎರಡು ಮಗ್ಗ ಅದಾವ. ಒಂದರ ಮ್ಯಾಲ ಸಾವಕಾರರ ಸೀರಿ. ನೂಲು ಅವರದು, ದುಡಿಮಿ ನಮ್ಮದು. ಅದನ್ನ ನಾನೂ ನಮ್ಮಕ್ಕನೂ ಪಾಳಿ ಹಚ್ಚಿ ನೇಯ್ತಿದ್ವಿ. ಅಕ್ಕ ಅಂದ್ರ ಒಡಹುಟ್ಟಿದಾಕಿ ಅಲ್ಲ, ನಮ್ಮ ಭಾವನ ಹೆಂಡ್ತಿ, ನನ್ನ ನೆಗೆಣ್ಣಿ. ನಾ ಮದುವಿ ಆಗಿ ಬಂದಾಗ ಈ ಮನಿಯಾಗ ಅತ್ತಿ ಇದ್ದಿಲ್ಲ. ಅಕ್ಕನ ನಂಗ ಅತ್ತಿ, ಅಕ್ಕನ ಗೆಳತಿ, ಸಿಟ್ಟು ಬಂದ್ರ ಜಗಳಾಡಾಕೂ ಅಕ್ಕನ. ಗಂಡಸ್ರು ಇಬ್ರೂ ನೂಲಿಗೆ ಬಣ್ಣ ಹಾಕೋ ಕೆಲಸದವ್ರು, ಮಗ್ಗದ ಕಡಿ ತಿರಗಿ ನೋಡೋರಲ್ಲ.

ಎರಡನೇ ಮಗ್ಗ ಬಾಳ ದಿನ ಖಾಲಿ ಬಿದ್ದಿತ್ತು. ಅಕ್ಕನ ಮಗಳ ಮದುವಿ ಗಟ್ಟಿಯಾತು. ಅವತ್ತ ಅಕ್ಕ ಆ ಮಗ್ಗದ ಧೂಳ ಝಾಡಿಸಿ, ವಿಭೂತಿ ಹಚ್ಚಿ, ನನ್ನ ಕರದ್ಲು.

"ತಂಗಿ, ಇಷ್ಟು ವರ್ಷ ಮಂದಿ ಮಕ್ಕಳ ಮದುವಿಗೆ ನೇದಿವಿ. ನನ್ನ ಮಗಳು ಅಕ್ಕಿಕಾಳಿಗೆ ಕುಂದ್ರಾಗ ನಮ್ಮ ಕೈಯಾಗಿಂದು ಉಟ್ಕೊಂಡು ಕುಂದರ್ಲಿ. ಅದೂ ನಿಮ್ಮೂರ ಸೀರಿ."

ನಮ್ಮೂರು ಗದ್ವಾಲ್. ಗದ್ವಾಲ್ ಸೀರಿಗೆ ಮೈ ಹತ್ತಿದು, ದಡಿ ರೇಶಿಮಿದು. ಮೈ ಬಣ್ಣ ಬ್ಯಾರೆ, ದಡಿ ಬಣ್ಣ ಬ್ಯಾರೆ, ಒಂದರಾಗ ಒಂದು ಇಷ್ಟೂ ಕಲೀಬಾರದು. ಅದಕ್ಕ ಮೈಗೊಂದು ಲಾಳಿ, ದಡಿಗೆ ಬ್ಯಾರೆ ಲಾಳಿ. ಎರಡೂ ಎಳಿ ಕೂಡೋ ಕಡಿ ಪ್ರತಿ ಸಲ ಒಂದಕ್ಕೊಂದು ಕೊಂಡಿ ಬೀಳಬೇಕು. ಒಬ್ಬಾಕಿ ನಡುವ ಕುಂತು ನೇಯ್ತಾಳ, ಬಲಗಡಿ ದಡಿ ಅಕಿ ಕೈಗೇ ಸಿಗ್ತೈತಿ. ಎಡಗಡಿ ದಡಿಗೆ ಇನ್ನೊಬ್ಬಾಕಿ ಬಾಜೂಕ ಕುಂತು ಸಣ್ಣ ಲಾಳಿ ಕೊಡಬೇಕು. ಇಬ್ರ ಕೈಯ ಬಿಗಿ ಒಂದ ಇರಬೇಕು. ಒಬ್ಬಾಕಿ ಜಗ್ಗಿ ಒಬ್ಬಾಕಿ ಸಡ್ಲ ಬಿಟ್ರ ದಡಿ ಸುಕ್ಕು ಬೀಳ್ತೈತಿ, ಇಸ್ತ್ರಿ ಹೊಡದ್ರೂ ಹೋಗಂಗಿಲ್ಲ. ನಮ್ಮ ಓಣಿಯಾಗ ಈ ಕೆಲಸ ಬರೋದು ನಂಗೊಬ್ಬಾಕಿಗೆ. ಅಕ್ಕಗೂ ನಾನ ಕಲಿಸಿದೆ.

ವಾರದ ದಿನ ಸಾವಕಾರರವು, ಐತವಾರ ನಮ್ಮದು ಅಂತ ಮಾತಾತು. ಕೆನಿ ಬಣ್ಣದ ಮೈ, ಕುಂಕುಮ ಬಣ್ಣದ ದಡಿ. ಮದಲಿನ ಐತವಾರಗಳಾಗ ಹೆಂಗ ನೇದಿವಂದ್ರ, ಮಾತಿಗೆ ಮಾತು, ನಗುವಿಗೆ ನಗು, ಲಾಳಿಗೆ ಲಾಳಿ. ಅಕ್ಕ ಬೀಗರ ಮನಿಯವ್ರ ನಡಗಿ ಅಣಕಿಸಾಕಿ, ನಾ ನಕ್ಕು ಲಾಳಿ ಕೆಡವಿ ಬೈಸ್ಕೊಳ್ಳಾಕಿ. ಮದುಮಗಳು ಬಾಗಲಾಗ ನಿಂತು, "ಚಿಗವ್ವ, ನನ್ನ ಸೀರಿ ಮುಗಸ್ತೀರೋ, ಇಬ್ರೂ ನಕ್ಕೊಂತನ ಕುಂದರ್ತೀರೋ?" ಅಂತಿತ್ತು.

ಅಷ್ಟರಾಗ ಟೀಚರ್ ಪರೀಕ್ಷಾದ ಸುದ್ದಿ ಬಂತು. ಮದುವಿಕಿಂತ ಮದಲು ನಾ ಟೀಚರ್ ಟ್ರೇನಿಂಗ್ ಮುಗಿಸಿದಾಕಿ. ಈ ತೆಲುಗು ನಾಡಿನ್ಯಾಗ ಕನ್ನಡ ಮೀಡಿಯಂ ಜಾಗ ಸಿಗೋದು ಕಮ್ಮಿ, ನನ್ನ ವಯಸ್ಸೂ ದಾಟಾಕ ಬಂದಿತ್ತು. ನಾ ಒಳಗೊಳಗ ಕುದ್ಯಾಕ್ಹತ್ತಿದೆ. ಅಕ್ಕಗ ಅದೂ ತಿಳೀತು.

"ಓದು," ಅಂದ್ಲು. "ಸಾವಕಾರರ ಸೀರಿ ಪೂರಾ ನಾ ನೋಡ್ಕೋತೀನಿ. ಅಡಗಿ ಮಗಳು ಮಾಡ್ತಾಳ. ನಂಗ ಐತವಾರ ಒಂದು ಕೊಡು, ಬ್ಯಾರೆ ಏನೂ ಬ್ಯಾಡ."

"ಕೊಟ್ಟೆ," ಅಂದೆ. ನನ್ನ ಬಾಯಿಗಿಷ್ಟು ಮಣ್ಣಾಕ, ಎಷ್ಟು ಹಗುರಾಗಿ ಅಂದೆ!

ಓದಾಕ ಕುಂತ್ರ ಮದಮದಲು ತಲಿಗೇನೂ ಹತ್ತಲಿಲ್ಲ. ಅಟ್ಟದ ಮ್ಯಾಲಿನ ಕ್ವಾಣಿಯಾಗ ಫ್ಯಾನ್ ಹಚ್ಚಿ, ಒದ್ದಿ ಟಾವೆಲ್ ಹೆಗಲಿಗೆ ಹಾಕ್ಕೊಂಡು, ಮಕ್ಕಳ ಮನಸ್ಸು ಹೆಂಗ ಬೆಳಿತೈತಿ ಅಂತ ಬಾಯಿಪಾಠ ಮಾಡ್ತಿದ್ದೆ. ಕೆಳಗ ಅಕ್ಕನ ಮಗ್ಗ ಖಟ್ ಖಟ್ ಅಂತಿತ್ತು. ಮುಂಜಾನೆ ನನ್ನ ಪಾಳಿ, ಮಧ್ಯಾಹ್ನ ಅಕಿ ಪಾಳಿ ಇತ್ತಲ್ಲ, ಈಗ ಎರಡೂ ಅಕಿದ. ಆ ಸಪ್ಪಳ ನಿಲ್ಲತಿದ್ದಿಲ್ಲ, ನಂಗ ಬೈದಂಗ ಕೇಳತಿತ್ತು. ಅಕಿ ಬೈಯೋಳಲ್ಲ ಅನ್ನೋದ ದೊಡ್ಡ ತ್ರಾಸು.

ಒಂದು ಐತವಾರ ಮಕ್ತಲ್‌ದಾಗ ಮಾದರಿ ಪರೀಕ್ಷಾ ಇಟ್ಟಿದ್ರು. ಅಕ್ಕನ, "ಹೋಗಿ ಬರ್ದು ಬಾ, ಒಂದು ಐತವಾರಕ್ಕ ಏನಾಗ್ತೈತಿ," ಅಂದ್ಲು. ಬರದು ಹೊರಗ ಬಂದಾಗ ಇಬ್ರು ಹೆಣ್ಮಕ್ಕಳು ಜೋಡಿಯಾದ್ರು. ಒಬ್ಬಾಕಿ ಮಕ್ತಲ್‌ದಾಕಿ, ಹೊಲಿಗಿ ಮಷೀನ್ ತುಳಿಯಾಕಿ. ಇನ್ನೊಬ್ಬಾಕಿ ಕೋಸಗಿಯಾಕಿ, ಖಾಸಗಿ ಶಾಲಿಯಾಗ ಪಾಠ ಹೇಳಾಕಿ, ಬಾಯಿ ತಗದ್ರ ಅರ್ಧ ತೆಲುಗು. ನನ್ನಂಗ ಅವರಿಗೂ ಇದು ಕಡೀ ಸಲ. ಕೋಸಗಿಯಾಕಿ, "ತಲಕಾಯಿ ವೇಡೆಕ್ಕಿಂದಕ್ಕಾ, ತಲಿ ಕಾದು ಹಂಚಾಗೈತಿ, ಹೊಳಿಗೆ ಹೋಗೂಣು ನಡ್ರಿ," ಅಂದ್ಲು. ಅಲ್ಲೇ ಆಟೋ ಸಿಕ್ತು. ಜೂರಾಲ ಡ್ಯಾಮಿಗೆ ಹೋದ್ವಿ.

ಅವ್ರಿಬ್ರೂ ದಂಡಿ ಮ್ಯಾಲಿನ ಅಂಗಡಿಯಾಗ ಮೀನ ಕರಿಸ್ಕೊಂಡು ತಿಂದ್ರು. ನಾ ತಿನ್ನಾಕಿ ಅಲ್ಲ. ಮೂಗಿಗೆ ಸೆರಗು ಹಚ್ಕೊಂಡು ಮಿರ್ಚಿ ತಿಂದೆ, ಅವರು ನನ್ನ ನೋಡಿ ಬಿದ್ದು ಬಿದ್ದು ನಕ್ರು. ಆಮ್ಯಾಲ ನೀರಾಗ ಕಾಲಿಟ್ಕೊಂಡು ಕುಂತ್ವಿ. ಯಾರಿಗೂ ಅಡಗಿ ಮಾಡೋದಿದ್ದಿಲ್ಲ, ಯಾರೂ ಕರೀತಿದ್ದಿಲ್ಲ. ಇಷ್ಟು ವಯಸ್ಸಾಗಿ ನಾ ಒಬ್ಬಾಕಿನ, ಮನಿ ಮಂದಿ ಇಲ್ದ, ಕೆಲಸಿಲ್ದ, ಒಂದು ಊರಿಗೆ ಹೋಗಿದ್ದು ಅವತ್ತ. ಅಯ್ಯ ಶಿವನ, ಎಷ್ಟು ಚಂದಿತ್ತು! ಮನಿಗೆ ಬಂದು ಎರಡು ದಿನ ಓದಿದ್ದು ಓದಿದಂಗ ತಲಿಯಾಗ ನಿಂತಿತು. ಹಿಂಗಾಗಿ ನಂಗೊಂದು ನೆವ ಸಿಕ್ತು.

ಮುಂದಿನ ವಾರ ಪರೀಕ್ಷಾ ಇದ್ದಿಲ್ಲ. ಸುಳ್ಳು ಹೇಳಲಿಲ್ಲ ನಾನು, ಅದೊಂದು ನನ್ನ ಪಾಲಿಗೆ ಉಳದೈತಿ. ಅಕ್ಕನ ಮುಂದ ನಿಂತು ಖರೇನ ಕೇಳಿದೆ: "ಅಕ್ಕಾ, ಅವ್ರಿಬ್ರೂ ಗದ್ವಾಲ್ ಕೋಟಿ ನೋಡಾಕ ಬರ್ತಾರಂತ. ನಾ ಹೋಗಿ ಬರ್ಲೇನು?"

"ಹೋಗು. ತಲಿ ಹಗುರಾಗ್ತೈತಿ," ಅಂದ್ಲು.

ಅದರ ಮುಂದಿನ ವಾರನೂ ಕೇಳಿದೆ. ಅದ ಮಾತು ಅಂದ್ಲು. ಅಕಿ ಒಲ್ಲೆ ಅನ್ನಂಗಿಲ್ಲ ಅನ್ನೋದು ಗೊತ್ತಿದ್ದ ಕೇಳತಿದ್ದೆ. ಕೇಳೋದು ಒಂದು ಕಳವು ಇದ್ದಂಗ, ಬಾಗಲಾ ಬಡದು ಮಾಡೋ ಕಳವು. ಒಮ್ಮೆರ ಅಕಿ, "ಬ್ಯಾಡ, ಈ ವಾರ ಕುಂದ್ರು," ಅಂದಿದ್ರ ನಾ ಮಾರಿ ಊದಿಸ್ಕೊಂಡು ಕುಂತು ಬಿಡತಿದ್ದೆ, ಇಬ್ರಿಗೂ ಚಲೋ ಆಗತಿತ್ತು. ಅಕಿ ಅನ್ನಲಿಲ್ಲ, ನಾ ಬಿಡಲಿಲ್ಲ.

ಗದ್ವಾಲ್‌ದಾಗ ಕೋಟಿ ಒಳಗಿನ ಗುಡಿ ನೆರಳಿಗೆ ಕುಂತು ಒಬ್ರನ್ನೊಬ್ರು ಪ್ರಶ್ನಿ ಕೇಳಿದ್ವಿ, ತಪ್ಪಿದಾಕಿ ಸೋಡಾ ಕುಡಿಸಬೇಕು ಅಂತ ಪಂಥ. ನಾನ ಹೆಚ್ಚು ಕುಡದೆ, ಅಂದ್ರ ಅವರ ಹೆಚ್ಚು ತಪ್ಪಿದ್ರು. ಹೊಳ್ಳಿ ಬರಾಗ ನೇಕಾರ ಓಣಿ ದಾಟಿ ಬಂದ್ವಿ. ನನ್ನ ತವರುಮನಿ ಅಲ್ಲೇ ಎರಡು ಓಣಿ ಆಚಿಗೆ. ಹೋಗಲಿಲ್ಲ. ಹೋದ್ರ ನಮ್ಮವ್ವ ಮದಲು ಕೇಳೋದು, "ಹುಡಿಗಿ ಸೀರಿ ಎಲ್ಲಿಗೆ ಬಂತು?" ಅಂತ. ಒಂದು ಮನಿ ಬಾಗಲಾ ತೆರದಿತ್ತು, ಒಳಗ ಗಂಡ ನಡುವ, ಹೆಂಡ್ತಿ ಎಡಕ, ಇಬ್ರೂ ಕೂಡಿ ನೇಯ್ತಿದ್ರು. ಕೋಸಗಿಯಾಕಿ, "ಎಂತ ಬಾಗುಂದೋ, ಎಷ್ಟು ಚಂದೈತಿ!" ಅಂತ ನಿಂತು ನೋಡಾಕ್ಹತ್ತಿದ್ಲು. ನಾ ಅಕಿ ರಟ್ಟಿ ಹಿಡದು ಎಳಕೊಂಡು ಬಂದೆ, ಬಸ್ ತಪ್ತೈತಿ ಅಂತ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಸಂಜಿಕ ಮನಿಗೆ ಬಂದ್ರ ಅಕ್ಕ ಎರಡನೇ ಮಗ್ಗದ ಮ್ಯಾಲ ಒಬ್ಬಾಕಿನ ಇರತಿದ್ಲು. ಮದಲೊಮ್ಮೆ ನಮ್ಮನಿಯವ್ರನ್ನ ಎಡಕ ಕುಂದ್ರಿಸಿ ನೋಡಿದ್ಲಂತ. ಅವರು ಲಾಳಿ ಕೊಟ್ಟಿದ್ದು ಕಮ್ಮಿ, ನೆಲಕ್ಕ ಬಿದ್ದಿದ್ದು ಹೆಚ್ಚು. "ಏಳಪ್ಪ ಮಾರಾಯ, ನಿನ್ನ ಬಣ್ಣದ ಡಬ್ಬಿನ ನಿಂಗ ಚಲೋ," ಅಂತ ಎಬ್ಬಿಸಿ ಕಳಿಸ್ಯಾಳ. ಆಮ್ಯಾಲ ಒಬ್ಬಾಕಿನ ಕಲ್ತಳು. ನಡುವಿನ ಲಾಳಿ ಒಗದು, ಸೊಂಟ ತಿರವಿ ಎಡಕ್ಕ ಬಗ್ಗಿ ಸಣ್ಣ ಲಾಳಿ ತಾನ ಕೊಟ್ಟು, ಹೊಳ್ಳಿ ನಡುವ ಬಂದು ಬಡಿಯೋದು. ಒಂದು ಎಳಿಗೆ ಒಂದು ಬಗ್ಗು. ಇಡೀ ಐತವಾರ ನೇದ್ರ ನಾಕು ಬಟ್ಟು ಮುಂದ ಹೋಗತಿತ್ತು. ಎಡಗಡಿ ಹೆಗಲು ಊದಿ, ಮಗಳು ಹರಳೆಣ್ಣಿ ಕಾಸಿ ಹಚ್ಚತಿದ್ಲು.

ನಾ ಅಕಿಗೆ ಅಂತ ಮಿರ್ಚಿ ಕಟ್ಟಿಸ್ಕೊಂಡು ಬರತಿದ್ದೆ. ಅಕಿ ಕೈ ತೊಳ್ಕೊಂಡು ಬಂದು, ಮುಂದ ಕುಂತು ತಿಂದು, "ಎಲ್ಲಿ ಹೋಗಿದ್ರಿ, ಏನೇನ್ ನೋಡಿದ್ರಿ, ಹೇಳು," ಅಂತಿದ್ಲು. ನಾ ಹೇಳತಿದ್ದೆ, ಹೊಟ್ಟಿ ಉರಿಸಾಕಲ್ಲ, ಅಕಿ ಖರೇನ ಕೇಳತಿದ್ಲು. ಮೀನಿನ ವಾಸನಿಗೆ ನಾ ಮೂಗು ಮುಚ್ಕೊಂಡಿದ್ದು ಹೇಳಿದ್ರ ಕಣ್ಣಾಗ ನೀರು ಬರಂಗ ನಕ್ಲು. ಒಂದು ಸಲ, "ನಾನೂ ಒಂದಿನ ಬರ್ತೀನಿ ತಗೊ, ನಿನ್ನ ಪರೀಕ್ಷಾ ಆಗ್ಲಿ," ಅಂದ್ಲು. ಆದ್ರೂ ಮುಂದಿನ ಐತವಾರ ಕೃಷ್ಣಾ ಸ್ಟೇಶನ್ನಿಗೆ ಹೋಗಿ ರೈಲ್ವೆ ಬ್ರಿಜ್ ನೋಡಿ ಬಂದೆ. ಮನಷಾ ಅಂದ್ರ ಹಿಂಗ ನೋಡ್ರಿ. ಮನಸ್ಸು ಬ್ಯಾಡ ಅಂದ್ರೂ ಕಾಲು ತಮ್ಮಷ್ಟಕ್ಕ ತಾವು ಬಸ್ ಸ್ಟ್ಯಾಂಡಿಗೆ ನಡೀತಾವ.

ಪರೀಕ್ಷಾ ಮುಗೀತು. ಚಲೋ ಬರದಿದ್ದೆ, ಅದು ಹೊರಗ ಬರಾಗನ ಗೊತ್ತಾತು. ಮದುವಿಗೆ ಇನ್ನ ಎರಡು ವಾರ. ಸೀರಿ ಅರ್ಧಾ ದಾಟಿತ್ತು, ಸೆರಗು ಪೂರಾ ಉಳದಿತ್ತು. ನಾ ಮನಿಗೆ ಬಂದಾಕಿನ ತಲಿ ಮ್ಯಾಲ ನೀರು ಹಾಕ್ಕೊಂಡು, ಹಣಿಗೆ ವಿಭೂತಿ ಹಚ್ಕೊಂಡು, ಅಕ್ಕನ ಎಡಕ ಕುಂತೆ. "ಇನ್ನ ಐತವಾರ ಅಲ್ಲ, ದಿನಾ ಕುಂದರ್ತೀನಿ. ಹಗಲೂ ರಾತ್ರಿ ನೇದು ಮುಗ್ಸೂಣು," ಅಂದೆ. ಅಕ್ಕನ ಮಾರಿ ಹೂವಿನಂಗ ಅರಳಿತು. ಸಾವಕಾರರಿಗೆ ಹೇಳಿ ಕಳಿಸಿ ಅವರ ಸೀರಿ ನಿಲ್ಲಿಸಿದ್ಲು.

ಮರುದಿನ ಮುಂಜಾನಿಂದ ಊಟದ ಹೊತ್ತಿನ ತನಕ ನೇದಿವಿ. ಜಲ್ದಿ ಜಲ್ದಿ ಹೊಂಟಿತ್ತು. ನಾ ಖುಷಿಲೆ ಕೋಟಿ ಸುದ್ದಿ, ಸೋಡಾದ ಸುದ್ದಿ ಎಲ್ಲಾ ಮತ್ತ ಹೇಳತಿದ್ದೆ. ಉಣ್ಣಾಕ ಏಳಬೇಕು, ಅಕ್ಕ ನೇದಿದ್ದರ ಮ್ಯಾಲ ಅಂಗೈ ಆಡಿಸಿದ್ಲು. ಎಡಗಡಿಗೆ ಬಂದು ಕೈ ನಿಂತು ಬಿಡ್ತು. ನಾನೂ ನೋಡಿದೆ. ಕುಂಕುಮದ ದಡಿ ಕೆನಿ ಬಣ್ಣದ ಗುಂಟ ಸಣ್ಣಗ ಸುಕ್ಕು ಸುಕ್ಕು, ತೊಯ್ದು ಒಣಗಿದ ಹಪ್ಪಳದಂಗ ಎದ್ದಿತ್ತು.

ಅಕ್ಕ ಊಟಕ್ಕೂ ಏಳಲಿಲ್ಲ. ನೇದಿದ್ದನ್ನ ಒಂದೊಂದ ಎಳಿ ಹಿಂದಕ್ಕ ಬಿಚ್ಚಾಕ್ಹತ್ತಿದ್ಲು. ಕುಂಬಾರಗ ವರುಷ ದೊಣ್ಣಿಗೆ ನಿಮಿಷ ಅಂತಾರ, ಇಲ್ಲಿ ಬಿಚ್ಚಾಕೂ ನೇದಷ್ಟ ಹೊತ್ತು ಹಿಡೀತು. ರೇಶಿಮಿ ಎಳಿ ಹರೀಬಾರದಲ್ಲ. ಮರುದಿನ ಮತ್ತ ಕುಂತ್ವಿ. ನಾ ಬಾಯಿ ಬಿಗಿ ಹಿಡದು, ಕಣ್ಣು ಪಿಳಕ್ ಅನ್ನಿಸದಂಗ ನೇದೆ. ಮತ್ತ ಸುಕ್ಕು. ಬಿಗಿ ಮಾಡಿದ್ರ ಜಗ್ಗತಿತ್ತು, ಸಡ್ಲ ಬಿಟ್ರ ಉಬ್ಬತಿತ್ತು.

"ಏಳು ತಂಗಿ," ಅಂದ್ಲು ಅಕ್ಕ. "ಇದು ಆಗಂಗಿಲ್ಲ."

ನಂಗ ಸಿಟ್ಟು ನೆತ್ತಿಗೇರಿತು. ತಪ್ಪು ನಂದ ಇದ್ದಾಗ ನಂಗ ಸಿಟ್ಟು ಹೆಚ್ಚು. "ಈಗ ಆಗಂಗಿಲ್ಲ ಅಂದ್ರ? ನನ್ನ ಕೈ ಕೆಟ್ಟೈತಿ ಅಂತ ಬಾಯಿ ಬಿಟ್ಟು ಅಂದು ಬಿಡು! ಒಂದು ವಾರರ ಹೋಗಬ್ಯಾಡ ಅಂದೇನು ನೀನು? ಹೋಗು ಹೋಗು ಅಂದಾಕಿ ನೀನ ಅಲ್ಲೇನು?" ಅಂತ ಓಣಿಗೆಲ್ಲ ಕೇಳಂಗ ಒದರಿದೆ.

"ಹೌದವ್ವ, ನಾನ ಅಂದೆ," ಅಂದ್ಲು ಅಕಿ. ಲಾಳಿ ಕೈಯಾಗ ಹಿಡಕೊಂಡು, "ನಿನ್ನ ಕೈ ಕೆಟ್ಟಿಲ್ಲ. ನನ್ನ ಕೈ ಒಂಟಿಯಾಗೈತಿ. ಬಾಜೂಕ ಒಬ್ರು ಅದಾರ ಅನ್ನೋದ ಅದಕ್ಕ ಮರ್ತು ಹೋಗೈತಿ. ನೀ ಕೊಡೋದ್ರಾಗ ನಾನ ಬಗ್ಗಿರತೀನಿ," ಅಂದ್ಲು.

ಅಷ್ಟ ಅಂದಿದ್ದು. ಬೈದಿದ್ರ ತಿರಗಿ ಬೈಯಬಹುದಿತ್ತು. ನಾ ಅಟ್ಟದ ಮ್ಯಾಲ ಹೋಗಿ, ಓದಿದ ಪುಸ್ತಕದ ನಡುವ ಕುಂತು, ಬಾಯಾಗ ಸೆರಗು ತುರಕ್ಕೊಂಡು ಅತ್ತೆ. ಕೆಳಗ ಅಕಿ ಒಬ್ಬಾಕಿನ ನೇಯೋ ಸಪ್ಪಳ ಬರತಿತ್ತು, ಒಂದು ಬಡತ, ಆಮ್ಯಾಲ ಅಕಿ ಬಗ್ಗಿ ಏಳೋವಷ್ಟು ಹೊತ್ತು ಸುಮ್ಮನ, ಮತ್ತೊಂದು ಬಡತ.

ಸೀರಿ ಮುಗಿಲಿಲ್ಲ. ಮದುವಿಗೆ ನಾಕು ದಿನ ಉಳದಾಗ ಅಕ್ಕ ತಾನ ಲಾಳಿ ಕೆಳಗಿಟ್ಟು ಮಗ್ಗಕ್ಕ ಬಟ್ಟಿ ಮುಚ್ಚಿದ್ಲು. ಮದುಮಗಳು "ಯಾವ ಸೀರಿಯಾದ್ರ ಏನು ಬಿಡವ್ವ," ಅಂತ ಹೇಳಿ ಹೊರಗ ಹೋಗಿ ನೀರಿನ ಕೊಡ ತಿಕ್ಕಿದ್ದ ತಿಕ್ಕಿದ್ದು. ನಾನೂ ನಮ್ಮನಿಯವ್ರೂ ಗದ್ವಾಲಿಗೆ ಹೋಗಿ ಅಂಗಡಿ ಅಂಗಡಿ ತಿರಗಿ, ಕೆನಿ ಬಣ್ಣದ ಮೈ, ಕುಂಕುಮ ಬಣ್ಣದ ದಡಿದು ಒಂದು ಸೀರಿ ತಂದ್ವಿ. ಅಕ್ಕ ಅದನ್ನ ಬಿಚ್ಚಿ, ದಡಿ ತಿರಿವಿ ಹಾಕಿ ನೋಡಿ, "ಚಲೋ ಕೆಲಸ," ಅಂದ್ಲು. ಆ ಗದ್ವಾಲ್ ಬಸ್ಸಿನ್ಯಾಗ ಹೋಗಾಗ ಬರಾಗ ನಾ ಕಿಟಕಿ ಹೊರಗ ನೋಡಲಿಲ್ಲ.

ಮದುವಿ ನಮ್ಮ ನಾರಾಯಣಪೇಟದಾಗ. ಹುಡುಗನ ಕಡಿಯವ್ರು ಗದ್ವಾಲ್ ಬಾಜೂಕಿನ ಗಟ್ಟು ಊರಿನ ಕಡಿ ಮಂದಿ, ಅವರ ಪೈಕಿ ಒಬ್ಬಾಕಿ ಮುತ್ತೈದಿ, ಹುಡುಗನ ಸೋದರತ್ತಿ, ಹುಟ್ಟಿನಿಂದ ಮಗ್ಗ ನೋಡಿ ಬೆಳದಾಕಿ. ಅಕ್ಕಿಕಾಳು ಮುಗದು ಎಲ್ರೂ ಉಣ್ಣಾಕ ಏಳಾಗ ಅಕಿ ಮದುಮಗಳ ಬಾಜೂಕ ಕುಂತು ಸೆರಗು ಹಿಡದು ನೋಡಿದ್ಲು. ದಡಿ ಕೂಡೋ ಕಡಿ ಉಗರಿಲೆ ಮೆಲ್ಲಕ ಸವರಿದ್ಲು, ಹಿಂದ ಹೊಳ್ಳಿಸಿ ನೋಡಿದ್ಲು.

"ಇದು ಎಲ್ಲಿಂದು ಬೀಗತಿ? ಇಬ್ರು ನೇದಿದ್ದು ಅಂತ ಗುರ್ತು ಹಿಡಿಯಾಕ ಆಗವಲ್ದು. ಒಂದ ಕೈಯಾಗಿಂದು ಅನ್ನಂಗೈತಿ," ಅಂದ್ಲು.

ಸುತ್ತ ನಮ್ಮ ಓಣಿ ಹೆಣ್ಮಕ್ಕಳು ನಾಕೈದು ಮಂದಿ ಇದ್ರು. ಮದುಮಗಳು ತಲಿ ತಗ್ಗಿಸಿದ್ಲು. ನಾ ಬಾಯಿ ತಗದೆ, ಅಂಗಡಿಯಾಗ ತಂದಿದ್ದು ಅಂತ ಹೇಳಿ ಬಿಡಬೇಕು ಅಂತ. ಅಕ್ಕ ನನಗಿಂತ ಮದಲು ಮಾತಾಡಿದ್ಲು. ಹೆಗಲು ಇನ್ನೂ ಊದಿತ್ತು, ಆ ಕಡಿ ಕೈಲೆನ ನನ್ನ ಮುಂದಕ್ಕ ನೂಕಿದ್ಲು.

"ನಾವಿಬ್ರೂ ಕೂಡಿ ನೇದಿದ್ದು ರೀ. ಎಡಗಡಿ ದಡಿ ಪೂರಾ ನಮ್ಮ ತಂಗಿದು. ಪರೀಕ್ಷಾ ಇದ್ರೂ ಒಂದ ಐತವಾರ ತಪ್ಪಿಸಲಿಲ್ಲ ರೀ ಅಕಿ."

ಆ ಹೆಣ್ಮಗಳು ನನ್ನ ಎರಡೂ ಕೈ ಹಿಡದು ತನ್ನ ಕಣ್ಣಿಗೆ ಒತ್ಕೊಂಡ್ಲು. "ಇಂಥಾ ಕೈ ಇರಬೇಕವ್ವ ಮನಿಗೆ. ಹೌದಿಲ್ಲೋ?" ಅಂತ ಕೇಳಿದ್ಲು. ಅಕ್ಕ ನನ್ನ ಕಡಿ ನೋಡತಿದ್ದಿಲ್ಲ, ಮಗಳ ನೆರಿಗಿ ಸರಿ ಮಾಡತಿದ್ಲು.

"ಹೂಂ ರೀ," ಅಂದೆ.